ಅಳಿಸಿದ ಸರ್ವರ್ ಮತ್ತೆ ಪಟ್ಟಿಗೆ ಬರುವುದೇಕೆ?

ಸಂಜೆ ನಾಲ್ಕೂವರೆ ಹೊತ್ತಿಗೆ ನಮ್ಮ ತಂಡದ ಹುಡುಗಿ ಆ್ಯಪ್-07 ಎಂಬ ಸರ್ವರನ್ನು ಮಾನಿಟರಿಂಗ್ ಪಟ್ಟಿಯಿಂದ ತೆಗೆದಳು. ಡಿಲೀಟ್ ಒತ್ತಿದಳು, ಖಚಿತವೇ ಎಂದು ಸ್ಕ್ರೀನ್ ಕೇಳಿತು, ಹೌದು ಎಂದಳು, ಹೆಸರು ಹೋಯಿತು. ಟಿಕೆಟ್ ಕ್ಲೋಸ್ ಮಾಡಿ, ಕೆಳಗಿನ ದರ್ಶಿನಿಯಲ್ಲಿ ಕಾಫಿ ಕುಡಿದು ಬಂದು ಕೂತರೆ ಆ್ಯಪ್-07 ಅಲ್ಲೇ ಇದೆ, ಪಕ್ಕದಲ್ಲಿ ಹಸಿರು ಚುಕ್ಕೆಯೂ ಇದೆ. "ಮೇಡಂ, ನಾನು ತೆಗ್ದಿದ್ದೆ, ನಿಜವಾಗ್ಲೂ ತೆಗ್ದಿದ್ದೆ" ಎಂದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು ಅಷ್ಟೆ. ತನ್ನ ಮಾತನ್ನು ಯಾರೂ ನಂಬುವುದಿಲ್ಲವೇನೋ ಎಂಬ ಆತಂಕ ಮುಖದಲ್ಲೇ ಕಾಣುತ್ತಿತ್ತು. ನನ್ನೆದುರೇ ಇನ್ನೊಮ್ಮೆ ಅಳಿಸು ಎಂದೆ. ಅಳಿಸಿದಳು. ಇಬ್ಬರೂ ನೋಡುತ್ತಾ ಕೂತೆವು. ಎರಡು ನಿಮಿಷ ಕಳೆಯುವಷ್ಟರಲ್ಲಿ ಹೆಸರು ಮತ್ತೆ ಪಟ್ಟಿಯಲ್ಲಿ ಮೂಡಿತು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾಮಾನೆಲ್ಲ ಟೆಂಪೋಗೆ ಏರಿಸಿ, ಬೀಗದ ಕೈ ಓನರ್‌ಗೆ ಕೊಟ್ಟು ಹೊರಟರೂ, ಹಾಲು ಹಾಕುವವನಿಗೆ ಹೇಳುವುದು ಮರೆತಿದ್ದರೆ ಮಾರನೇ ದಿನ ಬೆಳಗಾಗುವಷ್ಟರಲ್ಲಿ ಹಳೇ ಮನೆಯ ಬಾಗಿಲಿಗೆ ಪ್ಯಾಕೆಟ್ ಬಂದು ಬಿದ್ದಿರುತ್ತದೆ. ಯಾರೋ ಅದನ್ನು ಎತ್ತಿಟ್ಟರೆ ಬಾಗಿಲೇನೋ ಖಾಲಿಯಾಗುತ್ತದೆ, ಆದರೆ ನಾಳೆಯೂ ಪ್ಯಾಕೆಟ್ ಬರುತ್ತದೆ. ಪಟ್ಟಿಯಿಂದ ಹೆಸರು ಅಳಿಸುವುದೆಂದರೆ ಪ್ಯಾಕೆಟ್ ಎತ್ತಿಟ್ಟ ಹಾಗೆ. ಹೆಸರನ್ನು ಬರೆಯುತ್ತಿರುವ ಕೈ ಯಾವುದು ಎಂದು ಹುಡುಕಿ, ಮೊದಲು ಅದನ್ನು ನಿಲ್ಲಿಸಬೇಕು. ಆ್ಯಪ್ ಸರ್ವರ್ ತೆಗೆಯುವ ಕೆಲಸದ ಮುಕ್ಕಾಲು ಪಾಲು ಈ ಹುಡುಕಾಟವೇ.

ಹೊಸಬರಿಗಾಗಿ ಎರಡು ಮಾತು. ಆ್ಯಪ್ಲಿಕೇಶನ್ ಸರ್ವರ್ ಎಂದರೆ ನಾವು ಬ್ರೌಸರ್‌ನಲ್ಲೋ ಮೊಬೈಲ್‌ನಲ್ಲೋ ಒತ್ತುವ ಬಟನ್‌ಗೂ ಹಿಂದಿರುವ ಡೇಟಾಬೇಸ್‌ಗೂ ನಡುವೆ ಕೂತು ಲೆಕ್ಕಾಚಾರ ಮಾಡುವ ತಂತ್ರಾಂಶ. ಟಾಮ್‌ಕ್ಯಾಟ್, ವೆಬ್‌ಲಾಜಿಕ್, ವೈಲ್ಡ್‌ಫ್ಲೈ ಇವೆಲ್ಲ ಆ ಜಾತಿಯವು. ಅದರ ಮೆಮೊರಿ ಎಷ್ಟು ತುಂಬಿದೆ, ಥ್ರೆಡ್‌ಗಳು ಸಿಕ್ಕಿಕೊಂಡಿವೆಯೇ, ಡೇಟಾಬೇಸ್ ಕನೆಕ್ಷನ್‌ಗಳು ಮುಗಿದುಹೋಗುತ್ತಿವೆಯೇ ಎಂದು ಹಗಲೂ ರಾತ್ರಿ ನೋಡುವುದು ಮಾನಿಟರಿಂಗ್ ವ್ಯವಸ್ಥೆ. ಅದೇ ವ್ಯವಸ್ಥೆಯಿಂದ ಸರ್ವರನ್ನು ನಿಲ್ಲಿಸುವ, ಶುರು ಮಾಡುವ, ಪ್ಯಾಚ್ ಹಾಕುವ ಅಧಿಕಾರವೂ ಇದ್ದರೆ ಅದು ಮ್ಯಾನೇಜ್‌ಮೆಂಟ್ ವ್ಯವಸ್ಥೆಯೂ ಆಯಿತು.

ಇಂಥ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಮೂರು ಭಾಗ. ಸರ್ವರ್ ಇರುವ ಮಷೀನಿನಲ್ಲೇ ಕೂತಿರುವ ಏಜೆಂಟ್ ಎಂಬ ಪುಟ್ಟ ತಂತ್ರಾಂಶ ಒಂದು. ಎಲ್ಲ ಏಜೆಂಟ್‌ಗಳ ಮಾತು ಕೇಳುವ ಕೇಂದ್ರ ಇನ್ನೊಂದು. ಕೇಳಿದ್ದನ್ನು ಬರೆದಿಡುವ ಡೇಟಾಬೇಸ್ ಮೂರನೆಯದು. ಕನ್ಸೋಲ್‌ನಲ್ಲಿ, ಅಂದರೆ ನಾವು ನೋಡುವ ಸ್ಕ್ರೀನಿನಲ್ಲಿ, ಕಾಣುವ ಪಟ್ಟಿ ಈ ಡೇಟಾಬೇಸ್‌ನ ನೆರಳು ಮಾತ್ರ. ನೆರಳಿನ ಮೇಲೆ ಡಿಲೀಟ್ ಒತ್ತಿದರೆ ಮಷೀನಿನ ಒಳಗಿರುವ ಏಜೆಂಟ್‌ಗೆ ಅದು ಗೊತ್ತಾಗಲೇಬೇಕೆಂದಿಲ್ಲ. ಅದು ತನ್ನ ಪಾಡಿಗೆ ಮುಂದಿನ ಸಲ ಕೇಂದ್ರಕ್ಕೆ ಫೋನ್ ಮಾಡಿ, ನಾನು ಆ್ಯಪ್-07, ನನ್ನ ಕೆಲಸವೇನು ಎಂದು ಕೇಳುತ್ತದೆ. ಹೊಸಬರು ಬಂದರೆ ಸೇರಿಸಿಕೋ ಎಂಬ ನಿಯಮ ಕೇಂದ್ರದಲ್ಲಿದ್ದರೆ ಸೇರಿಸಿಕೊಳ್ಳುತ್ತದೆ. ಅವತ್ತು ನಮ್ಮಲ್ಲಿ ಆದದ್ದು ಇಷ್ಟೇ. ನಾವು ಬಳಸುತ್ತಿದ್ದುದು ಜ್ಯಾಬಿಕ್ಸ್. ಅದರಲ್ಲಿ ಆಟೋ ರಿಜಿಸ್ಟ್ರೇಶನ್ ಎಂಬ ಸೌಲಭ್ಯವಿದೆ, ನೂರಾರು ಸರ್ವರ್‌ಗಳನ್ನು ಕೈಯಿಂದ ಸೇರಿಸುವ ಕಷ್ಟ ತಪ್ಪಿಸಲು ನಾವೇ ಅದನ್ನು ಆನ್ ಮಾಡಿದ್ದೆವು. ಆ್ಯಪ್ ಸರ್ವರ್ ಪ್ರಾಸೆಸ್ ನಿಂತಿತ್ತು, ಆದರೆ ಮಷೀನ್ ಓಡುತ್ತಿತ್ತು, ಏಜೆಂಟ್ ಸರ್ವಿಸ್ ಜೀವಂತವಿತ್ತು. ಹಸಿರು ಚುಕ್ಕೆ ಏಜೆಂಟ್‌ನದು, ಆ್ಯಪ್‌ನದಲ್ಲ.

ಒಂದೊಂದು ಸಾಧನದಲ್ಲಿ ಈ ಬರೆಯುವ ಕೈ ಒಂದೊಂದು ಕಡೆ ಇರುತ್ತದೆ. ನನ್ನ ಮಟ್ಟಿಗೆ ಈ ವಿಷಯದ ಹೂರಣ ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒರಾಕಲ್ ಎಂಟರ್‌ಪ್ರೈಸ್ ಮ್ಯಾನೇಜರ್‌ನಲ್ಲಿ ಸರ್ವರ್‌ಗೆ ಟಾರ್ಗೆಟ್ ಎನ್ನುತ್ತಾರೆ. ಟಾರ್ಗೆಟ್ ತೆಗೆದರೆ ಅದರ ಮಾಹಿತಿ ರೆಪಾಸಿಟರಿಯಿಂದ ಹೋಗುತ್ತದೆ. ಆದರೆ ವೆಬ್‌ಲಾಜಿಕ್ ಸರ್ವರ್ ಒಂಟಿ ಅಲ್ಲ, ಅದು ಡೊಮೇನ್ ಎಂಬ ಸರ್ವರ್‌ಗಳ ಗುಂಪಿನ ಸದಸ್ಯ. ಆ ಡೊಮೇನ್‌ನ ಕಾನ್ಫಿಗರೇಶನ್ ಫೈಲ್‌ನಲ್ಲಿ ಸರ್ವರ್‌ನ ಹೆಸರು ಉಳಿದಿದ್ದರೆ, ಮುಂದೆ ಯಾರಾದರೂ ಡೊಮೇನ್ ರಿಫ್ರೆಶ್ ಮಾಡಿದಾಗ ಅದು ಮತ್ತೆ ಒಳಗೆ ಬರುತ್ತದೆ. ಹಾಗಾಗಿ ಮೊದಲು ಡೊಮೇನ್‌ನಿಂದ ತೆಗೆಯಬೇಕು, ಆಮೇಲೆ ಕನ್ಸೋಲ್‌ನಿಂದ. ಮಷೀನನ್ನೇ ಬಿಡುವುದಾದರೆ ಮೊದಲು ಏಜೆಂಟ್ ನಿಲ್ಲಿಸಿ, ಬಳಿಕ ಏಜೆಂಟ್ ಡಿಕಮಿಷನ್ ಮಾಡಬೇಕು. ಹಾಗೆ ಮಾಡಿದರೆ ಆ ಏಜೆಂಟ್ ನೋಡಿಕೊಳ್ಳುತ್ತಿದ್ದ ಟಾರ್ಗೆಟ್‌ಗಳೂ ಒಟ್ಟಿಗೆ ಹೋಗುತ್ತವೆ. ಕನ್ಸೋಲ್‌ನಿಂದ ಟಾರ್ಗೆಟ್ ತೆಗೆದರೆ ವೆಬ್‌ಲಾಜಿಕ್ ನಿಲ್ಲುತ್ತದೆ, ಅಥವಾ ಅನ್‌ಇನ್‌ಸ್ಟಾಲ್ ಆಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗೇನೂ ಆಗುವುದಿಲ್ಲ. ಸರ್ವರ್ ಓಡುತ್ತಲೇ ಇರುತ್ತದೆ, ನೋಡುವವರು ಮಾತ್ರ ಇರುವುದಿಲ್ಲ. ಅದು ಪಟ್ಟಿಯಲ್ಲಿ ಉಳಿಯುವುದಕ್ಕಿಂತ ಹೆಚ್ಚು ಅಪಾಯ.

ನೂರಾರು ಮಷೀನುಗಳ ಸೆಟ್ಟಿಂಗನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಪಪೆಟ್‌ನಲ್ಲಿ ಬರೆಯುವ ಕೈ ಇರುವುದು ಸರ್ಟಿಫಿಕೇಟ್‌ನಲ್ಲಿ, ಅಂದರೆ ಮಷೀನಿನ ಗುರುತಿನ ಚೀಟಿಯಲ್ಲಿ. ನೋಡ್ (ಅಲ್ಲಿ ಮಷೀನಿಗೆ ಇರುವ ಹೆಸರು) ಒಂದನ್ನು ಡಿಆ್ಯಕ್ಟಿವೇಟ್ ಮಾಡಿ ಸುಮ್ಮನಾದರೆ, ಅದರ ಏಜೆಂಟ್ ಮುಂದಿನ ಸಲ ವರದಿ ಮಾಡಿದ ಕೂಡಲೇ ನೋಡ್ ಮತ್ತೆ ಜೀವ ಪಡೆಯುತ್ತದೆ. ಸರ್ಟಿಫಿಕೇಟ್ ರದ್ದು ಮಾಡಿದಾಗಲೇ ಕೇಂದ್ರ ಅದಕ್ಕೆ ಬಾಗಿಲು ಹಾಕುವುದು. ಅದೇ ಕೆಲಸ ಮಾಡುವ ಶೆಫ್‌ನಲ್ಲಿ ನೋಡ್ (ಮಷೀನಿನ ದಾಖಲೆ) ಬೇರೆ, ಕ್ಲೈಂಟ್ (ಒಳಗೆ ಬರಲು ಅದಕ್ಕಿರುವ ಕೀಲಿ) ಬೇರೆ. ಒಂದನ್ನು ಅಳಿಸಿ ಇನ್ನೊಂದನ್ನು ಮರೆತರೆ ಕೀಲಿ ಹಳೇ ಬಾಡಿಗೆದಾರನ ಕೈಯಲ್ಲೇ ಉಳಿದ ಹಾಗೆ.

ಪ್ರಾಮಿಥಿಯಸ್‌ನ ದಾರಿಯೇ ತಿರುವುಮುರುವು. 2012ರಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಹುಟ್ಟಿದ ಈ ಸಾಧನದಲ್ಲಿ ಏಜೆಂಟ್ ಕೇಂದ್ರಕ್ಕೆ ಫೋನ್ ಮಾಡುವುದಿಲ್ಲ, ಕೇಂದ್ರವೇ ಮನೆಮನೆಗೆ ಹೋಗಿ ಅಂಕಿಗಳನ್ನು ಎತ್ತಿಕೊಂಡು ಬರುತ್ತದೆ. ಹಾಗಾಗಿ ಬರೆಯುವ ಕೈ ಕೇಂದ್ರದ ಕಾನ್ಫಿಗರೇಶನ್‌ನಲ್ಲೋ, ಕುಬರ್ನೆಟಿಸ್‌ನಂಥ ವ್ಯವಸ್ಥೆಯ ಸರ್ವಿಸ್ ಡಿಸ್ಕವರಿಯಲ್ಲೋ (ಓಡುತ್ತಿರುವ ಸರ್ವರ್‌ಗಳನ್ನು ತಾನೇ ಪತ್ತೆ ಮಾಡುವ ಸೌಲಭ್ಯ) ಇರುತ್ತದೆ. ಅಲ್ಲಿಂದ ತೆಗೆದರೆ ಸರ್ವರ್ ಮತ್ತೆ ಬರುವುದಿಲ್ಲ. ಆದರೆ ಇಲ್ಲೊಂದು ಉರುಳು ಇದೆ, ಅನುಭವಿಗಳೂ ಅದಕ್ಕೆ ಕಾಲು ಕೊಟ್ಟಿದ್ದಾರೆ. ಪ್ರತಿ ಟಾರ್ಗೆಟ್‌ಗೂ 'ಅಪ್' ಎಂಬ ಒಂದು ಅಂಕಿ ಇರುತ್ತದೆ. ಮುಟ್ಟಲು ಸಿಕ್ಕರೆ 1, ಸಿಗದಿದ್ದರೆ 0. ಸಾಮಾನ್ಯವಾಗಿ ಎಲ್ಲರೂ ಅಲರ್ಟ್ ಬರೆಯುವುದು ಈ ಸೊನ್ನೆಗೆ. ಟಾರ್ಗೆಟ್ ಪಟ್ಟಿಯಿಂದಲೇ ಹೋದರೆ 'ಅಪ್' ಸೊನ್ನೆ ಆಗುವುದಿಲ್ಲ, ಇಲ್ಲವಾಗುತ್ತದೆ. ಇಲ್ಲದ್ದು ಸೊನ್ನೆಗೆ ಸಮವಲ್ಲ, ಅಲರ್ಟ್ ಬಾಯಿ ಬಿಡುವುದಿಲ್ಲ. ಬೇಕೆಂದೇ ತೆಗೆದ ಸರ್ವರ್‌ಗೆ ಇದು ಒಳ್ಳೆಯದೇ. ಆದರೆ ಯಾರೋ ಲೇಬಲ್ ಒಂದನ್ನು ತಪ್ಪಾಗಿ ಬದಲಿಸಿ ಇಡೀ ಗುಂಪೇ ಪಟ್ಟಿಯಿಂದ ಜಾರಿದರೆ ಅಷ್ಟೇ ಮೌನ. ಅದಕ್ಕೇ 'ಆ್ಯಬ್ಸೆಂಟ್' ಎಂಬ ಫಂಕ್ಷನ್ ಬಳಸಿ, ಇರಬೇಕಾದದ್ದು ಇಲ್ಲವಾದರೆ ಕೂಗುವಂತೆ ಇನ್ನೊಂದು ಅಲರ್ಟ್ ಬರೆದಿಡಬೇಕು. ಸರ್ವರ್ ತೆಗೆಯುವ ದಿನ ಆ ಅಲರ್ಟ್‌ನಲ್ಲಿರುವ ಹೆಸರನ್ನೂ ತೆಗೆಯಬೇಕು, ಇಲ್ಲದಿದ್ದರೆ ಅದು ಸತ್ತವರಿಗಾಗಿ ಕೂಗುತ್ತಲೇ ಇರುತ್ತದೆ. ಸರ್ವರ್‌ಗಳು ಕಳಿಸಿದ ಅಂಕಿಯನ್ನು ಕೇಂದ್ರಕ್ಕಾಗಿ ಇಟ್ಟುಕೊಳ್ಳುವ ಪುಶ್‌ಗೇಟ್‌ವೇ ಬಳಸುವವರು ಇನ್ನೊಂದು ನೆನಪಿಡಬೇಕು: ಅದಕ್ಕೆ ಒಮ್ಮೆ ಕಳಿಸಿದ ಅಂಕಿ ಯಾರಾದರೂ ಅಳಿಸುವವರೆಗೂ ಅಲ್ಲೇ ಇರುತ್ತದೆ. ಕಳಿಸಿದ ಸರ್ವರ್ ಗುಜರಿಗೆ ಹೋದ ಮೇಲೂ ಅದರ ಕೊನೆಯ ಮಾತು ಡ್ಯಾಶ್‌ಬೋರ್ಡ್‌ನಲ್ಲಿ ಇಂದಿನದೇ ಎಂಬಂತೆ ಕಾಣುತ್ತದೆ.

ಇನ್ನು ಅಳಿಸುವುದಕ್ಕೂ ಸುಮ್ಮನಿರಿಸುವುದಕ್ಕೂ ಇರುವ ಅಂತರ. ಪ್ಯಾಚ್ ಹಾಕಲು ಎರಡು ಗಂಟೆ ನಿಲ್ಲಿಸುವುದಾದರೆ ಮೇಂಟೆನೆನ್ಸ್ ಸಮಯ ಹಾಕಿ. ಎಂಟರ್‌ಪ್ರೈಸ್ ಮ್ಯಾನೇಜರ್‌ನಲ್ಲಿ ಅದಕ್ಕೆ ಬ್ಲಾಕೌಟ್ ಎನ್ನುತ್ತಾರೆ, ನ್ಯಾಗಿಯಾಸ್ ಎಂಬ ಇನ್ನೊಂದು ಮಾನಿಟರಿಂಗ್ ಸಾಧನದಲ್ಲಿ ಡೌನ್‌ಟೈಮ್. ತಿಂಗಳು ಎರಡು ತಿಂಗಳು ಬೇಡವಾದರೆ ಡಿಸೇಬಲ್ ಮಾಡಿ. ಇನ್ನೆಂದೂ ಬೇಡ ಎಂದು ಖಚಿತವಾದಾಗ ಮಾತ್ರ ಅಳಿಸಿ. ಯಾಕೆಂದರೆ ಜ್ಯಾಬಿಕ್ಸ್‌ನಲ್ಲಿ ಹೋಸ್ಟ್ (ಪಟ್ಟಿಯಲ್ಲಿರುವ ಮಷೀನ್) ಅಳಿಸಿದರೆ ಅದರ ಐಟಂಗಳು (ಅಳೆಯುವ ಸಂಗತಿಗಳು), ಅವುಗಳ ಹಿಂದಿನ ಇತಿಹಾಸ, ಗ್ರಾಫ್ ಎಲ್ಲವೂ ಹೋಗುತ್ತವೆ. ಡಿಸೇಬಲ್ ಮಾಡಿದರೆ ಹೊಸ ಅಂಕಿ ಬರುವುದು ನಿಲ್ಲುತ್ತದೆ, ಹಳೆಯದು ನೋಡಲು ಸಿಗುತ್ತದೆ. ಪ್ರಾಮಿಥಿಯಸ್‌ನಲ್ಲಿ ಟಾರ್ಗೆಟ್ ತೆಗೆದ ಮೇಲೂ ಹಳೆಯ ಅಂಕಿಗಳು ತಮ್ಮ ಅವಧಿ ಮುಗಿಯುವವರೆಗೆ ಇರುತ್ತವೆ, ಆದರೆ ಯಾರೂ ಬದಲಿಸದಿದ್ದರೆ ಆ ಅವಧಿ 15 ದಿನ ಮಾತ್ರ. ಹಳೇ ಅಂಕಿ ಯಾರಿಗೆ ಬೇಕು ಎನ್ನಬೇಡಿ. ಮುಂದಿನ ವರ್ಷ ಹಬ್ಬದ ಸೇಲ್ ಹೊತ್ತಿಗೆ ಎಷ್ಟು ಸರ್ವರ್ ಬೇಕು ಎಂದು ಮ್ಯಾನೇಜರ್ ಕೇಳಿದಾಗ ಉತ್ತರ ಕೊಡುವುದು ಈ ವರ್ಷದ ಗ್ರಾಫೇ.

ಸರ್ವರ್ ತನ್ನ ಕೆಲಸವನ್ನು ಬರೆದಿಡುವ ದಿನಚರಿ, ಅಂದರೆ ಲಾಗ್‌ಗಳ ವಿಷಯದಲ್ಲಿ ಇದು ನಮ್ಮ ಇಷ್ಟಕ್ಕೆ ಬಿಟ್ಟ ಮಾತೂ ಅಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಕಚೇರಿಗಳು ತಮ್ಮ ಎಲ್ಲ ಐಟಿ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಮಟ್ಟಿಗೆ, ಭಾರತದೊಳಗೇ, ಭದ್ರವಾಗಿ ಇಟ್ಟುಕೊಳ್ಳಬೇಕು. ಸೈಬರ್ ಘಟನೆ ಗಮನಕ್ಕೆ ಬಂದರೆ 6 ಗಂಟೆಯೊಳಗೆ ವರದಿ ಮಾಡಬೇಕು ಎಂಬುದೂ ಅದೇ ನಿರ್ದೇಶನದಲ್ಲಿದೆ. ಇವತ್ತು ತೆಗೆದ ಸರ್ವರ್‌ಗೆ ಮೂರು ತಿಂಗಳ ಹಿಂದೆ ಯಾರೋ ನುಗ್ಗಿದ್ದರು ಎಂದು ಮುಂದಿನ ತಿಂಗಳು ಗೊತ್ತಾಗಬಹುದು. ಮಷೀನ್ ಜೊತೆ ಲಾಗ್ ಕೂಡ ಹೋಗಿದ್ದರೆ ಹೇಳಲು ನಮ್ಮ ಬಳಿ ಏನೂ ಇರುವುದಿಲ್ಲ. ಅದಕ್ಕೇ ಸರ್ವರ್ ಆರಿಸುವ ಮುನ್ನ ಲಾಗ್ ಬೇರೆ ಕಡೆ ಸೇರಿದೆಯೇ ಎಂದು ನಾನು ಕಣ್ಣಾರೆ ನೋಡುತ್ತೇನೆ. ಫೋಲ್ಡರ್ ತೆರೆದು, ಕೊನೆಯ ಸಾಲಿನ ಸಮಯ ಓದಿ, ಟಿಕೆಟ್‌ನಲ್ಲಿ ಬರೆದಿಡುತ್ತೇನೆ.

ಕೆಲಸದ ಅನುಕ್ರಮಕ್ಕೆ ಬರೋಣ. ಎಲ್ಲಕ್ಕೂ ಮೊದಲು ಲೋಡ್ ಬ್ಯಾಲೆನ್ಸರ್, ಅಂದರೆ ಗಿರಾಕಿಗಳನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ. ಸರ್ವರ್‌ಗೆ ಹೊಸ ಗಿರಾಕಿ ಬರುವುದನ್ನು ನಿಲ್ಲಿಸಿ, ಒಳಗಿರುವವರು ಕೆಲಸ ಮುಗಿಸಿ ಹೋಗಲು ಬಿಡುವುದಕ್ಕೆ ಡ್ರೇನ್ ಎನ್ನುತ್ತಾರೆ. ಹೋಟೆಲ್ ಮುಚ್ಚುವ ಹೊತ್ತಿಗೆ ಅರ್ಧ ಶಟರ್ ಎಳೆಯುತ್ತಾರಲ್ಲ, ಒಳಗೆ ಕೂತವರ ಊಟ ನಡೆಯುತ್ತಿರುತ್ತದೆ, ಹೊಸಬರನ್ನು ಬಿಡುವುದಿಲ್ಲ, ಹಾಗೆ. ಎಚ್‌ಎ ಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್‌ನಲ್ಲಿ ಇದಕ್ಕೆ ನೇರ ಕಮಾಂಡ್ ಇದೆ. ಗಿರಾಕಿಯ ಸೆಷನ್ ಆ ಒಂದೇ ಸರ್ವರ್‌ನ ಮೆಮೊರಿಯಲ್ಲಿದ್ದರೆ, ಡ್ರೇನ್ ಮಾಡದೆ ಆರಿಸಿದ ಕ್ಷಣ ಯಾರೋ ತುಂಬುತ್ತಿದ್ದ ಅರ್ಜಿ ಅರ್ಧದಲ್ಲೇ ಹೋಗುತ್ತದೆ. ತಪ್ಪು ಯಾರದೆಂದು ಆ ಮನುಷ್ಯನಿಗೆ ಎಂದೂ ಗೊತ್ತಾಗುವುದಿಲ್ಲ, ಅವನು ಮತ್ತೆ ಮೊದಲಿನಿಂದ ತುಂಬುತ್ತಾನೆ. ನನಗೆ ಇದು ಸಣ್ಣ ವಿಷಯ ಎನಿಸಿಲ್ಲ.

ಆಮೇಲೆ ಆ್ಯಪ್ ಸರ್ವರ್ ನಿಲ್ಲಿಸಿ. ಆದರೆ ಏಜೆಂಟ್ ಇರಲಿ, ಮಾನಿಟರಿಂಗ್ ದಾಖಲೆ ಇರಲಿ, ಅಲರ್ಟ್‌ಗೆ ಮಾತ್ರ ಮೇಂಟೆನೆನ್ಸ್ ಹಾಕಿ. ಇನ್ನು ಕಾಯಬೇಕು. ಯಾರಾದರೂ ಕಿರುಚುತ್ತಾರೆಯೇ ನೋಡುವುದರಿಂದ ಇದಕ್ಕೆ ಸ್ಕ್ರೀಮ್ ಟೆಸ್ಟ್ ಎಂಬ ಹೆಸರೇ ಬಿದ್ದಿದೆ. ಎಷ್ಟು ದಿನ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಕನಿಷ್ಠ ಒಂದು ತಿಂಗಳ ಕೊನೆ ದಾಟಲಿ.

ಇದನ್ನು ಕಲಿತದ್ದು ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ. ಔಟರ್ ರಿಂಗ್ ರೋಡಿನ ಆಫೀಸು, ಆರು ಆ್ಯಪ್ ಸರ್ವರ್‌ಗಳ ಗುಂಪು, ಅದರಲ್ಲಿ ಎರಡು ಹಳೆಯವು. 12ನೇ ತಾರೀಖು ಅವೆರಡನ್ನೂ ನಿಲ್ಲಿಸಿ ಅದೇ ದಿನ ಮಾನಿಟರಿಂಗ್‌ನಿಂದಲೂ ಅಳಿಸಿದೆವು. 20 ದಿನ ಎಲ್ಲ ಶಾಂತ. ಮುಂದಿನ ತಿಂಗಳ 1ನೇ ತಾರೀಖು ಗಿರಾಕಿಗಳಿಗೆ ಹೋಗಬೇಕಿದ್ದ ಇನ್‌ವಾಯ್ಸ್ ಇಮೇಲ್ ಒಂದೂ ಹೋಗಲಿಲ್ಲ. ನಮಗೆ ಗೊತ್ತಾದದ್ದು 4ನೇ ತಾರೀಖು, ಅಕೌಂಟ್ಸ್‌ನವರು ಫೋನ್ ಮಾಡಿದ ಮೇಲೆ. ಆ ಕೆಲಸ ಮಾಡುತ್ತಿದ್ದ ಕ್ರಾನ್ ಜಾಬ್ (ಗೊತ್ತುಮಾಡಿದ ಹೊತ್ತಿಗೆ ತಾನೇ ಓಡುವ ಕೆಲಸ) ಆರರಲ್ಲಿ ಒಂದೇ ಸರ್ವರ್‌ನಲ್ಲಿತ್ತು, ಎಂದೋ ಯಾರೋ ತುರ್ತಿಗೆ ಹಾಕಿದ್ದು, ಯಾವ ಡಾಕ್ಯುಮೆಂಟ್‌ನಲ್ಲೂ ಇಲ್ಲ. ಆ ಜಾಬ್ ಓಡಲಿಲ್ಲ ಎಂದು ಹೇಳಬಲ್ಲ ಒಂದೇ ಒಂದು ಚೆಕ್ ಕೂಡ ಆ ಹೋಸ್ಟ್‌ನ ಹೆಸರಿನಲ್ಲಿತ್ತು, ಹೋಸ್ಟ್ ಜೊತೆ ಅದನ್ನೂ ನಾವೇ ಅಳಿಸಿದ್ದೆವು. ಮಷೀನ್‌ನ ಡಿಸ್ಕ್ ಇನ್ನೂ ಅಳಿಸಿರಲಿಲ್ಲವಾದ್ದರಿಂದ ಸ್ಕ್ರಿಪ್ಟ್ ಸಿಕ್ಕಿತು. ಇನ್ನೊಂದು ವಾರ ಕಳೆದಿದ್ದರೆ ಅದೂ ಸಿಗುತ್ತಿರಲಿಲ್ಲ. ಅಂದಿನಿಂದ ಸರ್ವರ್ ತೆಗೆಯುವ ಮುನ್ನ ಎಲ್ಲ ಯೂಸರ್‌ಗಳ ಕ್ರಾನ್‌ಟ್ಯಾಬ್, ಅಂದರೆ ಅಂಥ ಕೆಲಸಗಳ ಪಟ್ಟಿ, ತೆಗೆದು ಓದುವುದು ನನಗೆ ಅಭ್ಯಾಸವಾಗಿದೆ.

ಕಾಯುವ ಅವಧಿ ಮುಗಿದ ಮೇಲೆ ಬರೆಯುವ ಕೈಗಳನ್ನು ಒಂದೊಂದಾಗಿ ನಿಲ್ಲಿಸಬೇಕು. ಏಜೆಂಟ್ ಸರ್ವಿಸ್ ನಿಲ್ಲಿಸಿ, ಬೂಟ್ ಆದಾಗ ತಾನೇ ಏಳದಂತೆ ಡಿಸೇಬಲ್ ಮಾಡಿ. ಬರೀ ನಿಲ್ಲಿಸಿದರೆ, ಡೇಟಾ ಸೆಂಟರ್‌ನಲ್ಲಿ ಕರೆಂಟ್ ಹೋಗಿ ಬಂದ ದಿನ ಅದು ಎದ್ದು ಕೂರುತ್ತದೆ. ಡಿಸ್ಕವರಿ ನಿಯಮದ ವ್ಯಾಪ್ತಿಯಿಂದ ಆ ಐಪಿ ತೆಗೆಯಿರಿ. ಸರ್ವರ್‌ಗಳಿಗೆ ತಂತ್ರಾಂಶ ಹಾಕುವ ಆನ್ಸಿಬಲ್‌ನ ಇನ್‌ವೆಂಟರಿಯಲ್ಲಿ (ಅದರ ಸರ್ವರ್ ಪಟ್ಟಿ) ಹೆಸರಿದ್ದರೆ ಆ ಫೈಲ್‌ನ ಮೂಲ ಇರುವ ಗಿಟ್‌ನಲ್ಲೇ ತೆಗೆಯಿರಿ, ಯಾಕೆಂದರೆ ವಾರಕ್ಕೊಮ್ಮೆ ಓಡುವ ಪ್ಲೇಬುಕ್ ಎಂಬ ಅದರ ಸ್ಕ್ರಿಪ್ಟ್ ಏಜೆಂಟನ್ನು ಮತ್ತೆ ಇನ್‌ಸ್ಟಾಲ್ ಮಾಡಿಬಿಡುತ್ತದೆ. ಹಾಲಿನವನಿಗೆ ಹೇಳಿದರೂ ಅವನ ಮಗನಿಗೆ ಗೊತ್ತಿಲ್ಲದೆ ಪ್ಯಾಕೆಟ್ ಬಂದಂತೆ ಇದು. ಇಷ್ಟಾದ ಮೇಲೆ ಕನ್ಸೋಲ್‌ನಲ್ಲಿ ಡಿಲೀಟ್. ನ್ಯಾಗಿಯಾಸ್‌ನಲ್ಲಾದರೆ ಹೋಸ್ಟ್ ಫೈಲ್ ತೆಗೆಯುವ ಜೊತೆಗೆ ಹೋಸ್ಟ್‌ಗ್ರೂಪ್, ಡಿಪೆಂಡೆನ್ಸಿ, ಪೇರೆಂಟ್ ಎಂದು ಬೇರೆಡೆ ಆ ಹೆಸರು ಉಳಿದಿದೆಯೇ ನೋಡಿ; ಉಳಿದಿದ್ದರೆ ಕಾನ್ಫಿಗರೇಶನ್ ಪರೀಕ್ಷೆಯೇ ಪಾಸಾಗುವುದಿಲ್ಲ. ನನಗೆ ಆ ಕಟ್ಟುನಿಟ್ಟು ಇಷ್ಟ, ಅದು ಮರೆಯಲು ಬಿಡುವುದಿಲ್ಲ.

ಪಾಸ್‌ವರ್ಡ್, ಕೀ, ಫೈರ್‌ವಾಲ್ ನಿಯಮ, ಡಿಎನ್‌ಎಸ್ ಹೆಸರು (ಜನ ಸರ್ವರನ್ನು ತಲುಪುವ ಹೆಸರು), ಲೈಸೆನ್ಸ್ ಲೆಕ್ಕ, ಇವನ್ನೆಲ್ಲ ಅದೇ ವಾರ ಮುಗಿಸಿಬಿಡಿ. ಡಿಎನ್‌ಎಸ್ ಹೆಸರು ಕ್ಲೌಡ್‌ನಲ್ಲಿ ನಾವು ಬಿಟ್ಟುಕೊಟ್ಟ ಜಾಗವನ್ನು ತೋರಿಸುತ್ತಾ ಉಳಿದರೆ, ಆ ಜಾಗ ಹಿಡಿದವರು ನಮ್ಮ ಹೆಸರಿನಲ್ಲಿ ಅಂಗಡಿ ತೆರೆಯಬಹುದು.

ಎಲ್ಲರೂ ಮರೆಯುವ ಒಂದು ಸಂಗತಿ ಗುಂಪಿನ ಲೆಕ್ಕ. ಎಂಟು ಸರ್ವರ್‌ಗಳಿದ್ದಾಗ "ಆರಕ್ಕಿಂತ ಕಡಿಮೆಯಾದರೆ ಎಚ್ಚರಿಸು" ಎಂದು ಬರೆದಿರುತ್ತೇವೆ. ಒಂದನ್ನು ತೆಗೆದು ಏಳಾದ ಮೇಲೆ ಎರಡು ಬಿದ್ದರೆ ಸಾಕು, ಅಲರ್ಟ್. ಎರಡು ತೆಗೆದರೆ ಒಂದು ಬಿದ್ದರೂ ಅಲರ್ಟ್. ಜೊತೆಗೆ ಉಳಿದ ಸರ್ವರ್‌ಗಳ ಮೇಲೆ ಹೊರೆ ಹೆಚ್ಚುತ್ತದೆ, ಹಳೆಯ ಮಿತಿಗಳು ಹೊಂದುವುದಿಲ್ಲ. ತೆಗೆದ ದಿನವೇ ಈ ಅಂಕಿಗಳನ್ನು ತಿದ್ದಬೇಕು.

ಇಷ್ಟೆಲ್ಲ ಯಾಕೆ, ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಿಗೆ ಇದ್ದರೆ ಏನು ಗಂಟು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಹೋಗುವುದು ಜನರ ನಂಬಿಕೆ. ಕೆಂಗೇರಿಯ ಮನೆಯಲ್ಲಿ, ಅಲರ್ಟ್ ಬಂದರೆ ಏಳಬೇಕಾದ ಆನ್‌ಕಾಲ್ ಹುಡುಗ ರಾತ್ರಿ ಎರಡೂವರೆಗೆ ಎದ್ದು, ಲ್ಯಾಪ್‌ಟಾಪ್ ತೆರೆದು, ಅದು ತಿಂಗಳ ಹಿಂದೆ ಆರಿಸಿದ ಸರ್ವರ್ ಎಂದು ತಿಳಿದು ಮಲಗುತ್ತಾನೆ. ಮೂರನೇ ರಾತ್ರಿ ಅವನು ಏಳುವುದಿಲ್ಲ. ಅವನನ್ನು ನಾನು ದೂರಲಾರೆ. ಆದರೆ ಹಳೆಯದನ್ನು ತೆಗೆಯದೆ ಬಿಟ್ಟು, ಎಚ್ಚರಿಕೆಯನ್ನೂ ಓದದಿದ್ದರೆ ಏನಾಗಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ 45 ನಿಮಿಷಗಳಲ್ಲಿ ಮಾಡಿದ ತಪ್ಪು ವಹಿವಾಟಿನಿಂದ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಅವರ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು. ಎಂಟನೆಯದರಲ್ಲಿ 2003ರಿಂದ ಯಾರೂ ಬಳಸದ ಹಳೆಯ ಕೋಡ್ ತೆಗೆಯದೆ ಉಳಿದಿತ್ತು, ಅಂದು ಬೆಳಿಗ್ಗೆ ಅದು ಎಚ್ಚರವಾಯಿತು. ಮಾರುಕಟ್ಟೆ ತೆರೆಯುವ ಮೊದಲೇ ಅವರದೇ ವ್ಯವಸ್ಥೆ ಆ ಹಳೆಯ ಕೋಡ್‌ನ ಹೆಸರು ಹೇಳಿ 97 ಇಮೇಲ್ ಕಳಿಸಿತ್ತು ಎಂದು ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ 2013ರಲ್ಲಿ ದಾಖಲಿಸಿತು. ಅವನ್ನು ಎಚ್ಚರಿಕೆ ಎಂದು ಯಾರೂ ಓದಲಿಲ್ಲ.

ಆ ಸಂಜೆಗೆ ಮರಳುತ್ತೇನೆ. ನಾವಿಬ್ಬರೂ ಆ್ಯಪ್-07ಕ್ಕೆ ಲಾಗಿನ್ ಆದೆವು. ಕ್ರಾನ್‌ಟ್ಯಾಬ್ ಓದಿದೆವು, ಖಾಲಿ ಇತ್ತು. ಲಾಗ್‌ಗಳ ಕೊನೆಯ ಸಾಲು ನೋಡಿದೆವು. ಏಜೆಂಟ್ ನಿಲ್ಲಿಸಿ ಡಿಸೇಬಲ್ ಮಾಡಲು ಅವಳಿಗೇ ಹೇಳಿದೆ, ಅವಳೇ ಕಮಾಂಡ್ ಹೊಡೆದಳು. ಇನ್‌ವೆಂಟರಿ ಫೈಲ್‌ನಿಂದ ಒಂದು ಸಾಲು ತೆಗೆದು ಕಮಿಟ್ ಮಾಡಿದಳು. ಆಮೇಲೆ ಹೋಸ್ಟನ್ನು ಅಳಿಸಲಿಲ್ಲ, ಡಿಸೇಬಲ್ ಮಾಡಿ, ಮುಂದಿನ ತಿಂಗಳ 5ಕ್ಕೆ ಅಳಿಸಬೇಕು ಎಂದು ಟಿಕೆಟ್ ಮತ್ತೆ ತೆರೆದಿಟ್ಟಳು. ಹಳೆಯ ಇತಿಹಾಸವೆಲ್ಲ ಮೊದಲ ಡಿಲೀಟ್‌ನಲ್ಲೇ ಹೋಗಿತ್ತು, ಅದಕ್ಕೆ ಇನ್ನೇನೂ ಮಾಡುವಂತಿರಲಿಲ್ಲ. ಅದನ್ನೂ ಟಿಕೆಟ್‌ನಲ್ಲಿ ಬರೆದಳು.

5ನೇ ತಾರೀಖು ಬೆಳಿಗ್ಗೆ ಅಳಿಸಿ, ಈ ಸಲ ಕಾಫಿಗೆ ಹೋಗದೆ ಹತ್ತು ನಿಮಿಷ ಪಟ್ಟಿಯನ್ನೇ ನೋಡುತ್ತಾ ಕೂತಳು. ಬರಲಿಲ್ಲ. ಎರಡು ವಾರದ ಮೇಲೆ ಅದೇ ಐಪಿ ಹೊಸ ಪೇಮೆಂಟ್ ಸರ್ವರ್‌ಗೆ ಹೋಯಿತು, ಹೊಸ ಹೆಸರಿನಲ್ಲೇ ಪಟ್ಟಿಗೆ ಬಂತು.